ಎರಡನೆಯವನಿಗೆ ಹೆಸರಿಡುವ ಮೊದಲು

ಉಗುರು ಮೊದಲು ನೋಡಿದವಳು ನಮ್ಮ ಅವ್ವ.

ಮಗಳು ಶ್ರಾವಣಿಗೆ ಆಗ ಏಳು ತಿಂಗಳು. ಅವ್ವ ಲಕ್ಷ್ಮೇಶ್ವರದಿಂದ ಬೆಟಗೇರಿಯ ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಕಾಲು ಚಾಚಿ ಕೂತವಳು ಅದರ ಅಂಗೈ ಬಿಡಿಸಿ ಬೆಳಕಿಗೆ ಹಿಡಿದಳು. "ಸವಿತಾ, ಇದರ ಉಗುರಾಗ ಕೆಂಪನ್ನೋದ ಇಲ್ಲಲ್ಲ ಲೇ," ಅಂದಳು. ನಾನು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದೆ, ಅದೇ ನನ್ನ ಕೆಲಸ. ತಲೆ ಎತ್ತಲಿಲ್ಲ. "ನಿನ್ನಂಗ ಬೆಳ್ಳಗ ಹುಟ್ಟೈತಿ, ದೃಷ್ಟಿ ತಾಗಿಸಬ್ಯಾಡ," ಅಂದು ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಔಷಧದ ಅಂಗಡಿಯಲ್ಲಿ ಕೇಳಿ ರಕ್ತ ಹೆಚ್ಚಾಗುವ ಟಾನಿಕ್ ತಂದೆವು. ಒಂದು ಬಾಟಲಿ ಮುಗಿಯಿತು. ಇನ್ನೊಂದು ತಂದೆವು. ಕೂಸು ಇನ್ನಷ್ಟು ಬಿಳಿಚಿಕೊಂಡಿತು. ಹೊಟ್ಟೆ ಉಬ್ಬಿತು. ಹಾಲು ಕುಡಿಯುತ್ತಲೇ ದಣಿದು ಅರ್ಧಕ್ಕೆ ಬಿಟ್ಟು ಮಲಗುತ್ತಿತ್ತು. ಸಾಲುತ್ತಿಲ್ಲವೇನೋ ಅಂತ ನಾನು ಒಂದು ಚಮಚದ ಜಾಗದಲ್ಲಿ ಎರಡು ಹಾಕಿದೆ. ಅದರಲ್ಲಿದ್ದದ್ದು ಕಬ್ಬಿಣದಂಶ. ಶ್ರಾವಣಿಯಂಥವರ ಮೈಯಲ್ಲಿ ಅದು ಹೊರಗೆ ಹೋಗದೆ ಕೂತುಬಿಡುತ್ತದಂತೆ. ತಾಯಿ ಆದವಳು ಪ್ರೀತಿಯಿಂದ, ಕೈಯಾರೆ, ಎರಡೆರಡು ಚಮಚ ಕುಡಿಸಿದೆ.

ಕಡೆಗೆ ಹುಬ್ಬಳ್ಳಿಗೆ ಹೋದೆವು. ಹಿಮೋಗ್ಲೋಬಿನ್ ನಾಲ್ಕರ ಹತ್ತಿರ ಇತ್ತು. ಅವತ್ತೇ ಅಡ್ಮಿಟ್ ಮಾಡಿಕೊಂಡು, ರಕ್ತ ಏರಿಸುವ ಮೊದಲು ಅವಳದೂ ನಮ್ಮಿಬ್ಬರದೂ ಪರೀಕ್ಷೆಗೆ ರಕ್ತ ತೆಗೆದುಕೊಂಡರು.

ಇಲ್ಲಿ ನನ್ನ ಗಂಡನ ಬಗ್ಗೆ ಹೇಳಬೇಕು. ಅವರ ಹೆಸರು ಪರಶುರಾಮ, ಪವರ್‌ಲೂಮ್ ಶೆಡ್ಡಿನಲ್ಲಿ ನೇಯುತ್ತಾರೆ. ನಾನು ಕರೆಯುವುದು ಮಾಮಾ ಅಂತ. ಮದುವೆಗೆ ಮೊದಲೂ ಮಾಮಾ, ಈಗಲೂ ಮಾಮಾ, ಯಾಕೆಂದರೆ ಅವರು ನಮ್ಮ ಅವ್ವನ ಒಡಹುಟ್ಟಿದ ತಮ್ಮ. ನನ್ನ ಅತ್ತೆ ನನ್ನ ಆಯಿಯೇ, ಅವ್ವನ ತಾಯಿ. ನಮ್ಮ ಕಡೆ ಇದು ಹೊಸದೇನಲ್ಲ, ಇಂಥ ಮದುವೆ ಆದರೆ ತವರು ಉಳಿಯಿತು ಅನ್ನುತ್ತಾರೆ.

ರಿಪೋರ್ಟ್ ಬಂದ ದಿನ ಡಾಕ್ಟರ್ ಮೇಡಂ ಹಾಳೆ ತಿರುವುತ್ತಿದ್ದರು. ನಾನು ಗಾಬರಿಯಲ್ಲಿ "ಮಾಮಾ, ಏನಂತ ಕೇಳ್ರಿ," ಅಂದೆ. ಮೇಡಂ ತಟ್ಟನೆ ತಲೆ ಎತ್ತಿದರು.

"ಇವರು ನಿಮಗ ಸ್ವಂತ ಸೋದರಮಾವನೇನು?"

"ಹೌದ್ರಿ."

"ಮತ್ತ ಫಾರ್ಮಿನಾಗ ರಕ್ತಸಂಬಂಧ ಇಲ್ಲ ಅಂತ ಬರೆಸೀರಿ?"

"ಬೆಡಗು ಬ್ಯಾರೆ ಅದಾವಲ್ರಿ ನಮ್ಮವು," ಅಂದರು ಮಾಮಾ.

ಬಸುರಿದ್ದಾಗ ಕಾರ್ಡ್ ಮಾಡಿಸುವಾಗಲೂ ನರ್ಸ್ ಇದನ್ನೇ ಕೇಳಿದ್ದರು. ಆಗಲೂ ಮಾಮಾ ಕಡ್ಡಿ ಮುರಿದಂತೆ ಇಲ್ಲ ಅಂದಿದ್ದರು, ನಾನೂ ತಲೆಯಾಡಿಸಿದ್ದೆ. ಸುಳ್ಳು ಹೇಳಲಿಲ್ಲ ನಾವು. ನಮ್ಮಲ್ಲಿ ತಂದೆಯಿಂದ ಬರುವ ಮನೆತನದ ಹೆಸರಿಗೆ ಬೆಡಗು ಅನ್ನುತ್ತಾರೆ. ಒಂದೇ ಬೆಡಗಾದರೆ ಎಷ್ಟು ದೂರದವರಾದರೂ ಅಣ್ಣ-ತಂಗಿ, ಮದುವೆಯ ಮಾತೇ ಇಲ್ಲ. ಬೇರೆ ಆದರೆ ಬೇರೆ ರಕ್ತ. ಹಿರಿಯರು ಕೂತು ಬೆಡಗು ಕೇಳಿಯೇ ನಮ್ಮ ಮದುವೆ ಮಾಡಿದ್ದರು. ಇಷ್ಟು ಪಕ್ಕಾ ನೋಡಿ ಮಾಡಿದ್ದರಲ್ಲಿ ತಪ್ಪು ಹೇಗೆ ಹುಡುಕಬೇಕಿತ್ತು ನಾವು?

ಮಗಳಿಗೆ ಥಲಸೇಮಿಯಾ ಮೇಜರ್.

ನಮ್ಮಿಬ್ಬರಿಗೂ ಮೈನರ್. ಅಂದರೆ ನಮಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಇಬ್ಬರ ದೋಷವೂ ಮಗುವಿಗೆ ಬಂದರೆ ಅದರ ಮೈಯಲ್ಲಿ ಸರಿಯಾದ ರಕ್ತ ಹುಟ್ಟುವುದಿಲ್ಲ. "ಹೊರಗಿನವರನ್ನ ಮಾಡ್ಕೊಂಡಿದ್ರೂ ಆಗಬಹುದಿತ್ತು. ಆದ್ರ ಹತ್ತಿರದ ಸಂಬಂಧದಾಗ ಸಂಭವ ಹೆಚ್ಚು," ಅಂದರು ಮೇಡಂ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದರಷ್ಟು ಅಪಾಯ. ನಮ್ಮ ಪಾಲಿಗೆ ಮೊದಲನೆಯದೇ ಆ ಒಂದಾಗಿತ್ತು.

ಅವ್ವನಿಗೆ ಹೇಳಿದಾಗ ಅವಳು ಅಳಲಿಲ್ಲ. "ನಾನ ಹಟಾ ಮಾಡಿ ನಿನ್ನ ನನ್ನ ತಮ್ಮಗ ಕೊಟ್ಟೆ," ಅಂದಳು. ಆಮೇಲೆ ಮನೆಗೆ ಬರುವುದನ್ನೇ ಕಡಿಮೆ ಮಾಡಿದಳು.

ಅಲ್ಲಿಂದ ನಮ್ಮ ಕ್ಯಾಲೆಂಡರಿನಲ್ಲಿ ಹಬ್ಬ ಹುಣ್ಣಿವೆ ಹಿಂದೆ ಬಿದ್ದವು. ಮೂರು ವಾರಕ್ಕೊಮ್ಮೆ ಗದಗಿನ ಆಸ್ಪತ್ರೆ, ಬೆಳಿಗ್ಗೆ ಹೋದರೆ ಸಂಜೆವರೆಗೆ. ರಕ್ತ ಏರಿಸಿದ ವಾರ ಶ್ರಾವಣಿ ಮನೆ ಒಂದು ಮಾಡುತ್ತಿದ್ದಳು, ಹೊಸ್ತಿಲಿಂದ ಹಾರುತ್ತಿದ್ದಳು. ಎರಡನೇ ವಾರ ಸುಮಾರು. ಮೂರನೇ ವಾರ ಅದೇ ಹೊಸ್ತಿಲ ಮೇಲೆ ಕೂತು "ಎತಿಗೋ" ಅನ್ನುತ್ತಿದ್ದಳು. ನಾಲ್ಕು ವರ್ಷಕ್ಕೇ ನರ್ಸಿಗೆ ತಾನೇ ಹೇಳುತ್ತಿದ್ದಳು, "ಈ ಕೈ ಬ್ಯಾಡ್ರಿ, ಹೋದ ಸಲ ಇದಕ್ಕ ಚುಚ್ಚೀರಿ." ನರ ಸಿಗದೆ ಮೂರು ಮೂರು ಸಲ ಚುಚ್ಚುವಾಗ ಅವಳ ಕಾಲು ಹಿಡಿದುಕೊಳ್ಳುವುದು ನನ್ನ ಕೆಲಸ. ಹಿಡಿಯುವುದು ಬಿಟ್ಟು ಇನ್ನೇನೂ ಮಾಡಲಾಗುತ್ತಿರಲಿಲ್ಲ.

ಇದಕ್ಕೆ ಪೂರ್ತಿ ಗುಣ ಅಂದರೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್, ಬೇರೆಯವರ ಎಲುಬಿನೊಳಗಿನ ಮಜ್ಜೆ ತೆಗೆದು ಹಾಕುವುದು, ಅದಕ್ಕೆ ಒಡಹುಟ್ಟಿದವರದು ಹೊಂದಿದರೆ ಎಲ್ಲಕ್ಕಿಂತ ಒಳ್ಳೆಯದು ಅಂತ ಮೇಡಂ ಹೇಳಿದರು. "ಇನ್ನೊಂದು ಮಗುವಿನ ವಿಚಾರ ಮಾಡೀರೇನು?" ಅಂತಲೂ ಕೇಳಿದರು. ಅದಕ್ಕೂ ಈ ರೋಗ ಇದೆಯೋ ಇಲ್ಲವೋ ಅಂತ ಹೊಟ್ಟೆಯಲ್ಲಿದ್ದಾಗಲೇ ಪರೀಕ್ಷೆ ಮಾಡಬಹುದಂತೆ. ಅಕ್ಕನಿಗೆ ಹೊಂದುವುದೂ ನಾಲ್ಕರಲ್ಲಿ ಒಂದಂತೆ. ಮತ್ತೆ ಅದೇ ಲೆಕ್ಕ.

ನಾನು ವಾಪಸ್ ಬರುವ ಬಸ್ಸಿನಲ್ಲೇ ನಿರ್ಧಾರ ಮಾಡಿದ್ದೆ. ಮಾಮಾ ಒಪ್ಪಲಿಲ್ಲ.

"ಒಂದು ಹಡದು ದಿನಾ ಚುಚ್ಚಸಾಕತ್ತೇವಿ. ಅದಕ್ಕಂತ ಇನ್ನೊಂದು ಹಡದು ಅದನ್ನೂ ಚುಚ್ಚಸೂಣೇನು? ಅದೇನ್ ಪಾಪ ಮಾಡೇತಿ?"

"ಹಂಗಾರ ಇಕಿನ್ನ ಹಿಂಗ ನೋಡ್ಕೋತ ಕುಂಡ್ರೂಣೇನ್ರಿ?" ಅಂದೆ ನಾನು. ಇನ್ನೂ ಕೆಟ್ಟದ್ದೂ ಅಂದೆ. "ಇಲ್ಲ ಅಂತ ಬರೆಸಿದವರು ನೀವ," ಅಂದುಬಿಟ್ಟೆ. ನಾನೂ ತಲೆಯಾಡಿಸಿದ್ದನ್ನು ಬೇಕಂತಲೇ ಮರೆತೆ. ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಎಂಟು ದಿನ ಇಬ್ಬರಿಗೂ ಮಾತಿಲ್ಲ. ಆಯಿ ಮಗನ ತಾಟು ನನ್ನ ಕೈಯಿಂದ ಇಸಿದುಕೊಂಡು ತಾನೇ ಅವರ ಮುಂದಿಡುತ್ತಿದ್ದಳು.

ಆ ತಿಂಗಳು ಶ್ರಾವಣಿಯ ಗುಂಪಿನ ರಕ್ತ ಸಿಗಲಿಲ್ಲ. ವಾಟ್ಸ್ಯಾಪ್ ಗುಂಪುಗಳಲ್ಲಿ ಹಾಕಿದೆವು, ಮುಂಡರಗಿ ಶಿರಹಟ್ಟಿವರೆಗೂ ಫೋನ್ ಮಾಡಿದೆವು. ನಾಲ್ಕು ದಿನ ತಡವಾಯಿತು. ನಾಲ್ಕನೇ ದಿನ ಅವಳು ಹೊಸ್ತಿಲವರೆಗೂ ಬರಲಿಲ್ಲ. ಕರೆದರೆ ಕಣ್ಣಷ್ಟೇ ತಿರುಗಿಸಿದಳು. ಯಾರೋ ಪುಣ್ಯಾತ್ಮರು ಬಂದು ಕೊಟ್ಟರಂತೆ, ಬ್ಯಾಗ್ ಸಿಕ್ಕಿತು. ಏರಿಸಿಕೊಂಡು ಮನೆಗೆ ಬಂದ ಮೇಲೆ ಮಾಮಾ ಕಾಲು ತೊಳೆದು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಮುಖದ ಮೇಲಿಂದ ಟವೆಲ್ ತೆಗೆಯದೆಯೇ ಅಂದರು, "ಆತು. ನೋಡೂಣು."

ನಮ್ಮ ನಿರ್ಧಾರ ಅಂದರೆ ಅಷ್ಟೇ.

ಬಸಿರಿನ ಹನ್ನೆರಡನೇ ವಾರಕ್ಕೆ ಹೊಟ್ಟೆಗೆ ಸೂಜಿ ಚುಚ್ಚಿ ಸ್ಯಾಂಪಲ್ ತೆಗೆದರು. ಮೇಜರ್ ಬಂದರೆ ಏನು ಮಾಡುತ್ತೀರಿ ಅಂತ ಮೊದಲೇ ಕೇಳಿದ್ದರು. "ತಗಸ್ತೇವ್ರಿ," ಅಂದಿದ್ದೆ. ಶ್ರಾವಣಿ ಪಕ್ಕದ ಕುರ್ಚಿಯಲ್ಲಿ ಕಾಲು ಆಡಿಸುತ್ತ ಬಿಸ್ಕಿಟ್ ತಿನ್ನುತ್ತಿದ್ದಳು. ಇವಳು ಹೊಟ್ಟೆಯಲ್ಲಿದ್ದಾಗಲೇ ಇದೆಲ್ಲ ಗೊತ್ತಿದ್ದಿದ್ದರೆ ಈ ಬಿಸ್ಕಿಟ್ ತಿನ್ನುವವಳು ಇರುತ್ತಿರಲಿಲ್ಲ ಅನ್ನುವುದು ಒಮ್ಮೆಲೇ ತಲೆಗೆ ಬಂತು. ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ಬಿಸ್ಕಿಟ್ ಮುರಿಯಿತು ಅಂತ ಅವಳು ರಂಪ ಮಾಡಿದಳು. ರಿಪೋರ್ಟಿಗೆ ಕಾದ ದಿನಗಳಲ್ಲಿ ನಾನು ಕಟ್ಟಿದ ಕುಚ್ಚುಗಳೆಲ್ಲ ಡೊಂಕಾದವು, ಬಿಚ್ಚಿ ಮತ್ತೆ ಕಟ್ಟಿದೆ.

ಮೈನರ್ ಬಂತು. ಬದುಕಿದೆ ಅನಿಸಿತು.

ಗಂಡು ಹುಟ್ಟಿತು. ಖರೆ ಹೇಳುತ್ತೇನೆ, ಮುಖ ನೋಡುವ ಮೊದಲು ನಾನು ಕೇಳಿದ್ದು ಆ ಹೊಂದಾಣಿಕೆಯ ಪರೀಕ್ಷೆ ಯಾವಾಗ ಅಂತ. ಎಚ್‌ಎಲ್‌ಎ ಅನ್ನುತ್ತಾರೆ ಅದಕ್ಕೆ. ಕೂಸಿನ ಗಲ್ಲದ ಒಳಗೆ ಹತ್ತಿಯ ಕಡ್ಡಿ ಆಡಿಸಿ ತೆಗೆದುಕೊಂಡು ಹೋದರು. ಫಾರ್ಮಿನಲ್ಲಿ ಅದರ ಹೆಸರಿನ ಜಾಗದಲ್ಲಿ "ಸವಿತಾಳ ಮಗು" ಅಂತಿತ್ತು. ಅದರ ಕೆಳಗೆ "ಡೋನರ್".

ಹದಿಮೂರನೇ ದಿನಕ್ಕೆ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ನಾನು ರಿಪೋರ್ಟ್ ಬರಲಿ ಅಂದೆ. ಆಯಿ ಬೈದಳು, "ಕೂಸಿಗೆ ಹೆಸರಿಡಾಕ ಕಾಗದ ಬರಬೇಕೇನ?" ಅವ್ವನೂ ಬರುವುದಿಲ್ಲ ಅಂದಳು. ತೊಟ್ಟಿಲಲ್ಲಿ ಕೂಸಿನ ಕಿವಿಗೆ ಕುರ್‌ ಅಂದು ಹೆಸರು ಹೇಳಬೇಕಾದವಳು ಸೋದರತ್ತೆ, ಹೇಳಿದ ಕೂಡಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನನ್ನ ಮಕ್ಕಳಿಗೆ ಅಜ್ಜಿಯೂ ಅವ್ವನೇ, ಮಾಮಾನ ಅಕ್ಕನಾದ್ದರಿಂದ ಸೋದರತ್ತೆಯೂ ಅವಳೇ. ಶ್ರಾವಣಿಯ ತೊಟ್ಟಿಲಲ್ಲಿ ಗುದ್ದು ತಿಂದು ಅವಳು ಹೊಟ್ಟೆ ಹಿಡಿದು ನಕ್ಕಿದ್ದಳು. ಈಗ ಫೋನಿನಲ್ಲಿ, "ನನ್ನ ಬಾಯಿಲೆ ಒಂದಕ್ಕ ಹೆಸರಿಟ್ಟದ್ದ ಸಾಕವಾ," ಅಂದು ಇಟ್ಟುಬಿಟ್ಟಳು.

ರಿಪೋರ್ಟ್ ಬಂತು. ಹೊಂದಲಿಲ್ಲ.

ಮಾಮಾ ಫೋನ್ ಕೆಳಗಿಟ್ಟು ಶೆಡ್ಡಿಗೆ ಹೋದರು. ನಾನು ಕೂಸು ಹಸಿದಾಗ ಹಾಲು ಕುಡಿಸಿದೆ, ಒದ್ದೆ ಬಟ್ಟೆ ಬದಲಿಸಿದೆ, ಮತ್ತೆ ಕೆಳಗೆ ಮಲಗಿಸಿದೆ. ಮೂರು ದಿನ ಅದರ ಜೊತೆ ಒಂದು ಮಾತೂ ಆಡಲಿಲ್ಲ. ಏನೂ ತಪ್ಪು ಮಾಡದ ಕೂಸಿನ ಮೇಲೆ ಮುನಿಸಿಕೊಂಡಿದ್ದೆ. ಬರೆಯಲು ನಾಚಿಕೆ ಆಗುತ್ತದೆ, ಆದರೂ ಇದ್ದದ್ದು ಇದ್ದಹಾಗೆ.

ಮೂರನೇ ದಿನ ಮಧ್ಯಾಹ್ನ ಸೀರೆಯ ಬಣ್ಣಕ್ಕೆ ಹೊಂದದ ರೇಷ್ಮೆ ದಾರವನ್ನು ಅಂಗಡಿಗೆ ಕೊಡಲು ಚೀಲಕ್ಕೆ ಹಾಕುತ್ತಿದ್ದೆ. ಶ್ರಾವಣಿ ಬಂದು ನಿಂತಳು.

"ಅವ್ವಾ, ತಮ್ಮನ್ನೂ ವಾಪಸ್ ಕೊಡ್ತೀರೇನು?"

"ಯಾಕ?"

"ನನಗ ಹೊಂದಲಿಲ್ಲ ಅಂದ್ರಲ್ಲ." ಕೂಸಿನ ಕಡೆ ತಿರುಗಿ ಅಂದಳು, "ಹೊಂದದಿದ್ರೂ ಇರ್ಲಿ. ನಾ ಇಟ್ಕೋತೀನಿ."

ನಾನು ಕೂಸನ್ನು ಎತ್ತಿಕೊಂಡು ಅತ್ತೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಆಮೇಲೆ ಅವ್ವನಿಗೆ ಫೋನ್ ಮಾಡಿ ಶ್ರಾವಣಿ ಹೇಳಿದ್ದನ್ನಷ್ಟೇ ಹೇಳಿದೆ. ಅವಳು ಮರುದಿನ ಮೊದಲ ಬಸ್ಸಿಗೆ ಬಂದಳು.

ತೊಟ್ಟಿಲು ಕಟ್ಟಿದ್ದು ಶ್ರಾವಣಿಗೆ ರಕ್ತ ಏರಿಸಿದ ಎರಡು ದಿನಕ್ಕೆ. ಮುಂದೆ ಹೊರಗಿನ ಡೋನರ್ ಹುಡುಕೋಣ ಅಂದಿದ್ದಾರೆ ಮೇಡಂ. ಸಿಗಬಹುದು, ಸಿಗದಿರಬಹುದು. ಅಲ್ಲಿಯವರೆಗೆ ಮೂರು ವಾರ, ಮತ್ತೆ ಮೂರು ವಾರ. ಅವ್ವ ಬಗ್ಗಿ ಕೂಸಿನ ಕಿವಿಗೆ ಕುರ್‌ ಅಂದು "ಶಿವಾನಂದ" ಅಂದಳು. ಓಣಿಯ ಹೆಂಗಸರಿಗೆ ಅವಳನ್ನು ಗುದ್ದಲು ಕೈ ಬರಲಿಲ್ಲ, ಸುಮ್ಮನೆ ಬೆನ್ನು ಸವರಿದರು. ಶ್ರಾವಣಿ ಮಾತ್ರ ನುಗ್ಗಿ ಬಂದು, ಎರಡೂ ಮುಷ್ಟಿ ಕಟ್ಟಿ, ಧಡ್ ಧಡ್ ಅಂತ ಬಾರಿಸಿದಳು.

"ಅಯ್ಯಯ್ಯೋ, ಸಾಕ ಬಿಡವಾ, ಬೆನ್ನ ಮುರದೀತು!" ಅಂತ ಅವ್ವ ಕೂಗಿದಳು. ಎಷ್ಟೋ ವರ್ಷದ ಮೇಲೆ ನಕ್ಕಳು.

ನಾನು ಮಗಳ ಕೈ ಹಿಡಿದು ನೋಡಿದೆ. ಉಗುರು ಕೆಂಪಗಿದ್ದವು. ಈ ಸಲದ ರಕ್ತ ಯಾರು ಕೊಟ್ಟರೋ ನಮಗೆ ಗೊತ್ತಿಲ್ಲ.