ಖಾಕಿ ಜೇಬಿನ ಪುಟ್ಟ ಟೊಮೆಟೊ

ಚೆರ್ರಿ ಟೊಮೆಟೊ ಕಂಡರೆ ಹೊಲಿಗೆಯಮ್ಮನಿಗೆ ಈಗಲೂ ಗಂಡನ ಖಾಕಿ ಅಂಗಿಯೇ ಕಣ್ಣಿಗೆ ಕಟ್ಟುತ್ತದೆ. ಅವನು ಬಸ್ ಚಾಲಕ. ಕರಿದ ತಿಂಡಿಯ ಉಪ್ಪುಪ್ಪು ಪೊಟ್ಟಣ ಜೇಬಿನಲ್ಲಿಲ್ಲದೆ ಸ್ಟೀರಿಂಗ್ ಮುಟ್ಟಿದವನೇ ಅಲ್ಲ. ಒಂದು ದಿನ ಬಸ್ಸನ್ನು ಡಿಪೊಗೆ ತಂದು ನಿಲ್ಲಿಸಿ ಇಳಿಯುತ್ತಿದ್ದವನು ತಲೆ ಸುತ್ತಿ ಮೆಟ್ಟಿಲಲ್ಲೇ ಕುಸಿದ.

"ಬಿಪಿ ಏರಿಬಿಟ್ಟಿದೆ. ಮಾತ್ರೆ ತಪ್ಪಿಸ್ಬೇಡಿ, ಉಪ್ಪು ಕಮ್ಮಿ ಮಾಡಿ," ಎಂದರು ಡಾಕ್ಟರಮ್ಮ. "ಬಾಯಾಡಿಸ್ಬೇಕು ಅನ್ಸಿದ್ರೆ ಚೆರ್ರಿ ಟೊಮೆಟೊ ಅಂತ ಬರತ್ತಲ್ಲ, ಆ ಪುಟ್ಟ ಟೊಮೆಟೊ ತಿನ್ನಿ. ಅದ್ರಲ್ಲಿರೋ ಪೊಟ್ಯಾಸಿಯಂ ಬಿಪಿಗೆ ಒಳ್ಳೇದು. ಕಿಡ್ನಿ ತೊಂದ್ರೆ ಇರೋರಿಗೆ ಮಾತ್ರ ಅದು ಜಾಸ್ತಿ ಆಗ್ಬಾರ್ದು; ನಿಮ್ಮ ಕಿಡ್ನಿ ಚೆನ್ನಾಗಿದೆ, ಭಯ ಇಲ್ಲ. ವಿಟಮಿನ್ ಸಿ, ನಾರು ಎಲ್ಲಾ ಸಿಗತ್ತೆ. ಕೆಂಪು ಬಣ್ಣ ಕೊಡೋ ಲೈಕೋಪೀನ್ ಹೃದಯಕ್ಕೂ ಒಳ್ಳೇದಂತಾರೆ."

ಹೊಲಿಗೆಯಮ್ಮ ಕೇಳಿ ಸುಮ್ಮನಾಗುವ ಪೈಕಿಯವಳಲ್ಲ. ಬಾಲ್ಕನಿಯಲ್ಲಿ ಹಳೆಯ ಪೇಂಟ್ ಡಬ್ಬಗಳಿಗೆ ಮಣ್ಣು ತುಂಬಿ ಬೀಜ ಹಾಕಿದಳು. ಗಿಡ ಬಳುಕಿದಾಗ ಹೊಲಿದುಳಿದ ಬಟ್ಟೆಯ ಚೂರುಗಳಿಂದಲೇ ಕೋಲಿಗೆ ಕಟ್ಟಿದಳು. ಗೊಂಚಲು ಕೆಂಪೇರಿದ ಬೆಳಿಗ್ಗೆ ಒಂದು ಹಿಡಿ ತೊಳೆದು ಗಂಡನ ಜೇಬಿಗೆ ಸುರಿದಳು.

"ಇದೇನೇ, ಬಸ್ ಓಡಿಸ್ಲೋ, ಗೋಲಿ ಆಡ್ಲೋ?"

"ಎರಡೂ ಮಾಡಿ. ಆ ಪೊಟ್ಟಣ ಮಾತ್ರ ಮುಟ್ಟಿದ್ರೆ ನೋಡಿ!"

ಮುಖ ಸಿಂಡರಿಸಿಕೊಂಡೇ ಹೋದ. ನಿಲ್ದಾಣದಲ್ಲಿ ಮೊದಲನೆಯದನ್ನು ಕಚ್ಚಿದಾಗ ರಸ ಪಿಚಕ್ಕನೆ ಹಾರಿ ಕಂಡಕ್ಟರನ ಕನ್ನಡಕಕ್ಕೆ ಬಿತ್ತಂತೆ. ಬಸ್ಸಿಗೆ ಬಸ್ಸೇ ನಕ್ಕಿತಂತೆ. ಸಂಜೆ ಅದನ್ನು ಹೇಳುತ್ತಾ ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಬರಬರುತ್ತಾ ಆ ಸಿಹಿಹುಳಿ ನಾಲಿಗೆಗೆ ಹತ್ತಿತು. ಮನೆಯಲ್ಲಿ ತುಸು ಎಣ್ಣೆಯಲ್ಲಿ ಬಾಡಿಸಿಕೊಟ್ಟರೆ ಉಪ್ಪು ಕಡಿಮೆಯೆಂಬ ತಕರಾರೂ ಇರುತ್ತಿರಲಿಲ್ಲ. ಹಾಗೆ ಮಾಡಿದರೆ ಲೈಕೋಪೀನ್ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆಂದು ಡಾಕ್ಟರಮ್ಮನೇ ಹೇಳಿದ್ದರು.

ಬಿಪಿ ಹತೋಟಿಗೆ ಬಂತು. "ಎಲ್ಲಾ ಇವಳ ಟೊಮೆಟೊ ಮಹಿಮೆ," ಎಂದು ಅವನು ಎದೆಯುಬ್ಬಿಸಿದರೆ, "ಮಾತ್ರೆಗೂ ಸ್ವಲ್ಪ ಪಾಲು ಕೊಡ್ರಿ," ಎಂದು ಡಾಕ್ಟರಮ್ಮ ನಕ್ಕರು.

ನಿವೃತ್ತಿಯಾದ ಮೇಲೂ ಅವನು ಬಹುಕಾಲ ಆರೋಗ್ಯವಾಗಿ ಬಾಳಿದ. ಈಗ ಅವನಿಲ್ಲ. ಗಿಡಕ್ಕೆ ನೀರು ಹಾಕುವಾಗ ಅವಳಿಗೆ ಹೆಚ್ಚು ನೆನಪಾಗುವುದು ನಿವೃತ್ತಿಯ ದಿನದ ಅವನ ಕೊನೆಯ ಟ್ರಿಪ್ಪು. ಅಂದು ಹಟ ಹಿಡಿದು ಬಸ್ಸೇರಿ ಅವನ ಹಿಂದಿನ ಸೀಟಿನಲ್ಲೇ ಕೂತಿದ್ದಳು. ಕೆಂಪು ದೀಪ ಬಿದ್ದಾಗಲೆಲ್ಲ ಅವನ ಕೈ ಜೇಬಿಗೆ ಹೋಗಿ ಬಾಯಿಗೆ ಬರುತ್ತಿತ್ತು.

"ದಿನಾ ಹಿಂಗೇ ತಿಂತಿದ್ರೇನ್ರೀ?"

"ಎಲ್ಲಿ ತಿನ್ನೋದು? ಅರ್ಧ ಕಂಡಕ್ಟರನ ಪಾಲು!"

ಡಿಪೊದಲ್ಲಿ ಎಲ್ಲರೂ ಇಳಿದುಹೋದರು. ಅವನು ಎಂಜಿನ್ ಆರಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತ.

"ಏಳೋಣ್ವಾ?"

"ಇರೇ, ಇನ್ನೊಂಚೂರು ಕೂರೋಣ."