ಕರೆಗಂಟೆಯ ಅರ್ಧ ಮಾತು

ಮೊನ್ನೆ ಬ್ರಹ್ಮಾವರದಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ಕಾಯುತ್ತಿದ್ದಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಬಸ್ರೂರಿನ ಮೇಷ್ಟ್ರ ಮನೆ ಬಾಗಿಲು ಕಣ್ಣೆದುರು ಬಂತು...

ಅವರು ಕುಂದಾಪುರದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದರು, ನಾನು ಅವರ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ತೊಂಬತ್ತೆಂಟರ ಸುಮಾರಿಗೆ, ಧ್ವನಿ ಹಿಡಿದಿಡುವ ಚಿಪ್ ಒಂದನ್ನು ತಂದು ಮನೆಗೆ ಕರೆಗಂಟೆ ಮಾಡಿದ್ದರು. ಆ ದಿನ ಉಪ್ಪುಂದದ ತವರಿಗೆ ಹೊರಟಿದ್ದ ಅವರ ಹೆಂಡತಿ ಪರೀಕ್ಷೆಗೆಂದು ಮೈಕಿಗೆ ಹೇಳಿದ್ದು ಇಷ್ಟೇ: "ಹ್ವಾಯ್, ನಾ ಬತ್ತೆ." ನಮ್ಮ ಕಡೆ ಹೊರಡುವವರು ಹೋಗುತ್ತೇನೆ ಅನ್ನುವಂತಿಲ್ಲ, ಬರುತ್ತೇನೆ ಅನ್ನಬೇಕು. ತವರಲ್ಲಿ ಜ್ವರ ಬಂದು ಅವರು ತೀರಿಕೊಂಡರು. ಆಮೇಲೆ ಯಾರು ಗುಂಡಿ ಒತ್ತಿದರೂ ಸತ್ತವರು ಬರುತ್ತೇನೆ ಅನ್ನುತ್ತಿದ್ದರು. ಹಾಲಿನವಳು ಗುಂಡಿ ಮುಟ್ಟುವುದನ್ನೇ ಬಿಟ್ಟಳು.

ಮೇಷ್ಟ್ರು ಮಾತ್ರ ಲೆಕ್ಕ ಹಾಕುತ್ತಿದ್ದರು. ಚಿಪ್‌ನ ಒಂದೊಂದು ಕೋಶದಲ್ಲಿ ಎಷ್ಟು ವಿದ್ಯುದಾವೇಶ ಸಿಕ್ಕಿಕೊಂಡಿದೆಯೋ ಅಷ್ಟೇ ಅವಳ ದನಿ. ಅದು ಸೋರಿಹೋಗಲು ಎಷ್ಟು ವರ್ಷ? ಕ್ಯಾಲೆಂಡರಿನ ಹಿಂಬದಿಯೆಲ್ಲ ಗುಣಾಕಾರ, ಭಾಗಾಕಾರ. ಕೊನೆಗೆ ಸಮಾಧಾನದಿಂದ ಅಂದರು, "ನನ್ಕಿಂತ ಹೆಚ್ಚ್ ದಿನ ಇರತ್ತ್, ಕಾಣ್."

ಕೆಲವು ವರ್ಷಗಳಲ್ಲಿ ಉಪ್ಪುಗಾಳಿಗೆ ಗಂಟೆಯ ಬೋರ್ಡು ಹಾಳಾಯಿತು. ತಮ್ಮ ಕೈ ನಡುಗುತ್ತದೆಂದು, ಚಿಪ್ಪನ್ನು ಹೊಸ ಬೋರ್ಡಿಗೆ ಕೂರಿಸಲು ನನ್ನನ್ನು ಕರೆದರು.

"ಮೊದ್ಲ್ ಕಿಟಕಿ ಸರಳ್ ಮುಟ್ಟ್, ಮಾರಾಯ್ತಿ. ಮೈ ಮೇಲಿನ ಚಾರ್ಜ್ ಇಳ್ದ್ ಹೋಯ್ಲಿ."

"ನಮ್ಮ್ ಊರಗೆ ಬೆವ್ರೇ ಒಣ್ಗುದಿಲ್ಲೆ, ಎಂತ ಚಾರ್ಜ್ ಸರ್" ಎಂದು ನಕ್ಕುಬಿಟ್ಟೆ. ಎಷ್ಟು ಓದಿದರೇನು, ಕರಾವಳಿಯವಳೇ ತಾನೆ. ಅದು ಒಣಗಾಳಿಯ ಚಳಿಗಾಲದ ಬೆಳಿಗ್ಗೆ, ನಾನು ಉಟ್ಟಿದ್ದು ನೈಲಾನ್ ಸೀರೆ. ಸೀರೆಯ ಉಜ್ಜಾಟಕ್ಕೆ ಮೈಯಲ್ಲಿ ಕೂಡಿದ್ದ ಚಾರ್ಜ್, ಚಿಪ್ ಮುಟ್ಟುವಾಗ ಬೆರಳ ತುದಿಯಿಂದ ಚಿಟ್ ಎಂದು ಅದಕ್ಕೆ ಹಾರಿತು.

ಗುಂಡಿ ಒತ್ತಿದೆ. "ಹ್ವಾಯ್, ನಾ..." ಮುಂದೆ ಬರೀ ಗೊರಗೊರ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಷ್ಟ್ರು ಬೈಯಲಿಲ್ಲ. "ಅಡ್ಡಿಲ್ಲೆ" ಅಂದರು, ಅಷ್ಟೇ. ಅಂದಿನಿಂದ ಗುಂಡಿ ಒತ್ತಿದರೆ ಹೆಂಗಸಿನ ದನಿ "ಹ್ವಾಯ್, ನಾ..." ಎನ್ನುವುದು, ಒಳಗಿನಿಂದ ಮೇಷ್ಟ್ರು "ಬತ್ತೆ" ಎಂದು ಮುಗಿಸಿ ಬಾಗಿಲು ತೆರೆಯುವುದು.

ಒಂದು ಬೆಳಿಗ್ಗೆ ನಾನೇ ಗುಂಡಿ ಒತ್ತಿ ಹೊರಗೆ ನಿಂತು, ಒಳಗಿನಿಂದ ಮೇಷ್ಟ್ರ ಆ "ಬತ್ತೆ" ಕೇಳಿಸಿಕೊಂಡೆ. ಬಾಗಿಲು ಮಾತ್ರ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ನೆರೆಯವರು ಚಿಲಕ ಮುರಿದರು. ಮೇಷ್ಟ್ರು ಕುರ್ಚಿಯಲ್ಲಿದ್ದರು. ರಾತ್ರಿಯೇ ಹೋಗಿರಬೇಕು, ಮೈ ಪೂರ್ತಿ ತಣ್ಣಗಾಗಿದೆ ಎಂದರು ಮುಟ್ಟಿ ನೋಡಿದವರು. ನಾನು ಕೇಳಿದ್ದನ್ನು ಯಾರಿಗೂ ಹೇಳಲಿಲ್ಲ...

ಆ ಗಂಟೆ ಈಗ ನಮ್ಮ ಮನೆಯ ಕಪಾಟಿನಲ್ಲಿದೆ. ಮೊನ್ನೆ ಬ್ರಹ್ಮಾವರದಿಂದ ಬಂದವಳೇ ಕಿಟಕಿ ಸರಳು ಮುಟ್ಟಿ, ಹೊಸ ಬ್ಯಾಟರಿ ಹಾಕಿ ಒತ್ತಿದೆ. "ಹ್ವಾಯ್, ನಾ..." ಕೆಡಿಸಿದವಳು ನಾನು, ಮುಗಿಸಬೇಕಾದವಳೂ ನಾನೇ. ಆದರೆ ಆ ಇಬ್ಬರೂ ಅದೊಂದು ಮಾತು ಹೇಳಿಯೇ ಹೊರಟುಹೋದವರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಗೊರಗೊರ ನಿಲ್ಲುವವರೆಗೆ ಕೂತಿದ್ದೆ.