ಬೋಗಿಯ ಬಾಗಿಲಲ್ಲಿ ಕಣ್ಣು ಮುಚ್ಚುವವನು

ತಪಸ್ವಿಗಳು ಕಣ್ಣು ಮುಚ್ಚಿದ್ದು ಮೋಕ್ಷಕ್ಕಾಗಿ. ನಮ್ಮ ರೈಲಿನಲ್ಲಿ ತಿಂಡಿ ಮಾರುವ ಬನ್ ಮಾವ ಕಣ್ಣು ಮುಚ್ಚುತ್ತಿದ್ದುದು ಪ್ರಯಾಣಿಕರ ಹೊಟ್ಟೆಗಾಗಿ ಎಂಬುದು ಪ್ಯಾಂಟ್ರಿಯ ಪುರಾಣ. ಪ್ರತಿ ಬೋಗಿಯ ಬಾಗಿಲಲ್ಲೂ ಆತ ತಳ್ಳುಗಾಡಿ ನಿಲ್ಲಿಸಿ, ಚೌಕಟ್ಟಿಗೆ ಹಣೆ ಆನಿಸಿ ಕಣ್ಣು ಮುಚ್ಚುತ್ತಿದ್ದ. ಆಗ ಒಳಗಿನ ಹೊಟ್ಟೆಗಳು ಗುರುಗುಟ್ಟುವುದು ಒಂದೊಂದಾಗಿ ಕೇಳಿಸುತ್ತದಂತೆ. ಯಾರಿಗೆ ಬನ್, ಯಾರಿಗೆ ಮೊಟ್ಟೆ, ಯಾರು ಮನೆಯಿಂದ ತಂದ ಡಬ್ಬಿಯನ್ನು ಸೀಟಿನಡಿ ಬಚ್ಚಿಟ್ಟಿದ್ದಾರೆ, ಎಲ್ಲವೂ ತಿಳಿಯುತ್ತದಂತೆ.

ಈ ಪುರಾಣದ ಕರ್ತೃ ಆತನ ಭಾವಮೈದ, ಅದೇ ರೈಲಿನ ಟೀ ಮಾರುವವನು. ಸಾಕ್ಷಿಯೂ ಇತ್ತೆನ್ನಿ. ತಂಪು ಪೆಟ್ಟಿಗೆಯಿಂದ ಒಮ್ಮೆ ಗಾಡಿಗೆ ಬಂದ ತಿಂಡಿ ಮರಳಿ ಪೆಟ್ಟಿಗೆ ಸೇರುವಂತಿಲ್ಲ. ಮಾರಾಟವಾಗದಿದ್ದರೆ ಕೊನೆಯ ನಿಲ್ದಾಣದಲ್ಲಿ ಕಸದ ಪಾಲು. ಉಳಿದವರು ಗಾಡಿಯನ್ನು ಮದುವೆ ದಿಬ್ಬಣದಂತೆ ತುಂಬಿಕೊಂಡು ಹೊರಟು, ಸಂಜೆಗೆ ಬಾಡಿದ ಸ್ಯಾಂಡ್‌ವಿಚ್‌ಗಳನ್ನು ಮೂಟೆಗಟ್ಟಲೆ ಸುರಿಯುತ್ತಿದ್ದರು. ಬನ್ ಮಾವ ಹಿಡಿಯಷ್ಟು ಇಟ್ಟುಕೊಂಡು ಹೊರಡುತ್ತಿದ್ದ. ಮುಗಿದೇಹೋಗುತ್ತದೆಂಬ ಗಾಬರಿಯಲ್ಲಿ ಜನ ಗಾಡಿ ಕಂಡೊಡನೆ ಕೈ ಚಾಚುತ್ತಿದ್ದರು. ನಿಜವಾಗಿ ಮುಗಿದರೆ ಭಾವಮೈದ ಟೀ ಕೆಟಲ್ ಜೊತೆ ಇನ್ನಷ್ಟು ತಿಂಡಿ ಹೊತ್ತು ತರುತ್ತಿದ್ದ.

ಮನೆಯಲ್ಲಿ ಮಾತ್ರ ಪುರಾಣಕ್ಕೆ ಮೂರು ಕಾಸಿನ ಬೆಲೆಯಿರಲಿಲ್ಲ. ಹೆಂಡತಿ ಅವನ ಊದಿದ ಮಂಡಿಗೆ ಎಣ್ಣೆ ತಿಕ್ಕುತ್ತಾ, "ಊರೋರ ಹೊಟ್ಟೆ ಕೂಗೋದು ಕೇಳ್ಸುತ್ತಂತೆ, ನಾನು ಅಡುಗೆಮನೆಯಿಂದ ಕೂಗಿದ್ರೆ ಮಾತ್ರ ಕಿವುಡು" ಎನ್ನುತ್ತಿದ್ದಳು. ಆತ ಉತ್ತರ ಕೊಡುವಷ್ಟರಲ್ಲಿ ಗೊರಕೆ ಬಂದಿರುತ್ತಿತ್ತು.

ಆ ಮಂಡಿಯ ದೆಸೆಯಿಂದಲೇ ಆತ ಒಂದು ಬೇಡಿಕೆ ಇಟ್ಟಿದ್ದ: ನಿಲ್ದಾಣದ ತಿಂಡಿ ಕೌಂಟರಿನಲ್ಲಿ ಖಾಲಿ ಬಿದ್ದಿದ್ದ ಕುರ್ಚಿ. ಮೂರೂಮುಕ್ಕಾಲು ಕಾಲಿನ ಆ ಕುರ್ಚಿ, ಆಯುಷ್ಯವೆಲ್ಲ ತೂಗಾಡುವ ನೆಲದ ಮೇಲೆ ನಿಂತವನಿಗೆ ಸಿಂಹಾಸನವೇ.

ಕೊಡಬೇಕೋ ಬೇಡವೋ ನೋಡಲು ಮೇಲ್ವಿಚಾರಕರು ರೈಲು ಹತ್ತಿದರು. ಭಾವನಿಗೆ ಉಪಕಾರವಾಗಲೆಂದು ಭಾವಮೈದ ಒಂದು ಅಧ್ಯಾಯವನ್ನೂ ಬಿಡದೆ ಪುರಾಣ ಒಪ್ಪಿಸಿದ. ಭಾವನ ಕಸದ ಡಬ್ಬಿಯನ್ನೇ ಎತ್ತಿ ತಂದು ತೋರಿಸಿದ. ಅದರಲ್ಲಿದ್ದುದು ಬರೀ ಖಾಲಿ ಪೊಟ್ಟಣ. ಮೇಲ್ವಿಚಾರಕರು ಕರಗಿ ನೀರಾದರು. ಇಂಥವರನ್ನು ಕುರ್ಚಿಯಲ್ಲಿ ಕೂರಿಸುವುದು ಪಾಪ, ಗಾಡಿಯಲ್ಲೇ ಇರಲಿ, ಮಿಕ್ಕವರಿಗೂ ಈ ವಿದ್ಯೆ ಕಲಿಸಲಿ ಎಂದು ಅಲ್ಲೇ ತೀರ್ಮಾನಿಸಿದರು.

ಭಾವಮೈದನ ಮುಖ ಆರಿದ ಟೀಯಂತಾಯಿತು. "ಭಾವ, ಒಳ್ಳೇದಾಗ್ಲಿ ಅಂತಾನೇ ಹೇಳ್ದೆ" ಎಂದ ಮೆಲ್ಲಗೆ.

"ಗೊತ್ತು ಬಿಡು. ಸದ್ಯ ಬಾಯಿ ಮುಚ್ಕೊಂಡು ಗಾಡಿ ಹಿಡ್ಕೋ."

ಮೇಲ್ವಿಚಾರಕರು ಭಕ್ತಿಯಿಂದ ಬಾಗಿ ಕೇಳಿದರು: "ಯಜಮಾನ್ರೇ, ಕಣ್ಣು ಮುಚ್ಚಿದಾಗ ನಿಮಗೆ ಏನೇನ್ ಕೇಳ್ಸುತ್ತೆ?"

ಬನ್ ಮಾವ ಮಂಡಿ ಹಿಡಿದು, ಮಗುಚಿಟ್ಟಿದ್ದ ಖಾಲಿ ಕ್ರೇಟಿನ ಮೇಲೆ ಕುಳಿತ.

"ಏನೂ ಕೇಳ್ಸಲ್ಲ ಸಾರ್, ಒಂದ್ ಚೂರು ನಿದ್ದೆ ಮಾಡ್ತೀನಿ. ಗಾಡಿ ತುಂಬಿದ್ರೆ ತಳ್ಳೋಕಾಗಲ್ಲ, ಅದಕ್ಕೇ ಕಮ್ಮಿ ಇಟ್ಕೊಳ್ಳೋದು."